ಮಳೆಗಾಲದ ಗಿಡದ ಕೋಣೆ: ದೊಡ್ಡ ಫ್ಯಾನ್ ಹಾಕಿದರೆ ತೇವ ಹೆಚ್ಚುವುದೇಕೆ?

ಜುಲೈ ತಿಂಗಳಲ್ಲಿ ಮಡಿಕೇರಿಯ ಗಾಳಿಯಲ್ಲಿ ಶೇ 90ಕ್ಕಿಂತ ಹೆಚ್ಚು ಆರ್ದ್ರತೆ ದಿನಗಟ್ಟಲೆ ನಿಂತುಬಿಡುತ್ತದೆ. ಹಿತ್ತಲಿನ ಕೊತ್ತಂಬರಿ, ಮೆಂತ್ಯ ಕೊಳೆಯುತ್ತವೆಂದು ಖಾಲಿ ಕೋಣೆಯಲ್ಲಿ ರ‍್ಯಾಕ್ ಜೋಡಿಸಿ ಎಲ್‌ಇಡಿ ಬೆಳಕಿನಡಿ ಸೊಪ್ಪು, ಲೆಟ್ಯೂಸ್, ಮೆಣಸಿನ ಸಸಿ ಬೆಳೆಸಹೊರಟರೆ ಎರಡು ವಾರದಲ್ಲಿ ಬೂಷ್ಟು ಅಲ್ಲಿಗೂ ಬರುತ್ತದೆ. ಆಗ ಎಲ್ಲರೂ ಹೇಳುವುದು ಒಂದೇ ಮಾತು: ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಬಯಲುಸೀಮೆಯ ಮಟ್ಟಿಗೆ ಅದು ಸರಿ. ಅಲ್ಲಿ ಒಳಗಿನ ಒದ್ದೆ ಗಾಳಿ ಹೊರಗೆ ಹೋದರೆ ಅದರ ಜಾಗಕ್ಕೆ ಒಣ ಗಾಳಿ ಬರುತ್ತದೆ. ಕೊಡಗಿನ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆಯಲ್ಲಿ ಬರುವುದು ಇನ್ನಷ್ಟು ಒದ್ದೆ ಗಾಳಿ.

ಹಾಗಾದರೆ ಕಿಟಕಿ ಮುಚ್ಚಿ ಕೂರಬೇಕೇ? ಬೇಡ. ಗಾಳಿಯನ್ನು ಬಿಸಿ ಮಾಡಿದರೆ ಅದರ ನೀರು ಹಿಡಿಯುವ ಶಕ್ತಿ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17.3 ಗ್ರಾಂ ಆವಿ ಹಿಡಿದುಕೊಳ್ಳುತ್ತದೆ; 25 ಡಿಗ್ರಿಯಲ್ಲಿ 23 ಗ್ರಾಂ. ಹೊರಗೆ 20 ಡಿಗ್ರಿ, ಶೇ 95 ಆರ್ದ್ರತೆ ಇದೆ, ಅಂದರೆ ಗಾಳಿ ಹಿಡಿಯಬಲ್ಲ ಆವಿಯಲ್ಲಿ ಶೇ 95ರಷ್ಟು ತುಂಬಿದೆ ಎನ್ನಿ. ಅದೇ ಗಾಳಿ ಒಳಗೆ ಬಂದು 25 ಡಿಗ್ರಿಗೆ ಬಿಸಿಯಾದರೆ ಆರ್ದ್ರತೆ ತಾನಾಗಿ ಶೇ 70ರ ಆಸುಪಾಸಿಗೆ ಇಳಿಯುತ್ತದೆ. ಒಂದು ಹನಿ ನೀರನ್ನೂ ನಾವು ತೆಗೆದಿಲ್ಲ. ಆ ಐದು ಡಿಗ್ರಿ ಬಿಸಿಯನ್ನು ಕೊಡುವುದು ದೀಪಗಳೇ. ಕೊಡಗಿನ ಮಳೆಗಾಲದಲ್ಲಿ ಕೋಣೆ ಒಣಗಿಸುವ ಕೆಲಸ ದೀಪದ್ದು, ಫ್ಯಾನಿನದಲ್ಲ. ಆ ಬಿಸಿ ತೀರಾ ಬೇಗ ಹೊರಗೆ ಹೋಗದಂತೆ ಅಳತೆಯಲ್ಲಿ ಗಾಳಿ ಬದಲಿಸಿದರೆ ಫ್ಯಾನಿನ ಕೆಲಸ ಮುಗಿಯಿತು.

ಅಳತೆ ಎಷ್ಟು? ಹತ್ತಡಿ ಉದ್ದದ, ಎಂಟಡಿ ಅಗಲದ, ಒಂಬತ್ತಡಿ ಎತ್ತರದ ಕೋಣೆ ಎಂದರೆ ಸುಮಾರು 20 ಘನ ಮೀಟರ್. ಅದರಲ್ಲಿ 200 ವ್ಯಾಟ್‌ನ ದೀಪಗಳು ದಿನಕ್ಕೆ 14 ಗಂಟೆ ಉರಿಯುತ್ತವೆ, ಗಿಡಗಳಿಗೆ ದಿನಕ್ಕೆ ಎರಡು ಲೀಟರ್ ನೀರು ಬೀಳುತ್ತದೆ ಎಂದಿಟ್ಟುಕೊಳ್ಳಿ. ಈ ನೀರು ಹೆಚ್ಚುಕಡಿಮೆ ಪೂರ್ತಿಯಾಗಿ ಎಲೆಯಿಂದಲೂ ಮಣ್ಣಿನಿಂದಲೂ ಆವಿಯಾಗಿ ಕೋಣೆಯ ಗಾಳಿ ಸೇರುತ್ತದೆ. ಲೀಟರ್ ನೀರು ಆವಿಯಾಗಲು 0.68 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್, ಅಂದರೆ ಕಿಲೋವ್ಯಾಟ್-ಅವರ್) ಶಾಖ ಬೇಕು. ಹಾಗಾಗಿ ದೀಪದ ಬಿಸಿಯಲ್ಲಿ ಅರ್ಧದಷ್ಟು ಅದಕ್ಕೇ ಖರ್ಚು. ಗಾಳಿ ಬಿಸಿ ಮಾಡಲು ಉಳಿಯುವುದು ಸುಮಾರು 100 ವ್ಯಾಟ್. ಗೋಡೆಯ ಮೂಲಕ ಸೋರುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಇಷ್ಟರಲ್ಲಿ ಗಂಟೆಗೆ 70 ಘನ ಮೀಟರ್ ಗಾಳಿ ಐದು ಡಿಗ್ರಿ ಬಿಸಿಯಾಗುತ್ತದೆ, ಆರ್ದ್ರತೆ ಶೇ 80ರ ಹತ್ತಿರ ನಿಲ್ಲುತ್ತದೆ. ಅದೇ ಕೋಣೆಯಲ್ಲಿ ಗಂಟೆಗೆ 250 ಘನ ಮೀಟರ್ ಎಳೆಯುವ ಫ್ಯಾನನ್ನು ಬಿಡದೆ ಓಡಿಸಿ ನೋಡಿ: ಬಿಸಿ ಏರುವುದು ಒಂದೂವರೆ ಡಿಗ್ರಿಯೂ ಇಲ್ಲ, ಆರ್ದ್ರತೆ ಶೇ 90. ಫ್ಯಾನ್ ದೊಡ್ಡದಾದಷ್ಟೂ ಕೋಣೆ ಹೊರಗಿನ ಮಳೆಯಂತೆಯೇ ಆಗುತ್ತದೆ. ಕೋಣೆಯ ಗಾಳಿ ನಿಮಿಷಕ್ಕೊಮ್ಮೆ ಪೂರ್ತಿ ಬದಲಾಗಬೇಕೆಂಬ ಸೂತ್ರ ವಿಪರೀತ ಕಾಯುವ ಸೋಡಿಯಂ ದೀಪಗಳ ಕಾಲದ್ದು. ಅದನ್ನು ಇಲ್ಲಿ ಮರೆಯುವುದೇ ಒಳ್ಳೆಯದು. ಗಿಡಗಳಿಗೆ ಬೇಕಾದ ಇಂಗಾಲದ ಡೈಆಕ್ಸೈಡ್‌ಗೂ ಗಂಟೆಗೆ 70 ಘನ ಮೀಟರ್ ಧಾರಾಳ.

ಅಂಗಡಿಯಲ್ಲಿ ಸಿಗುವ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಈ ಲೆಕ್ಕಕ್ಕೆ ಹೆಚ್ಚೇ. ರೆಗ್ಯುಲೇಟರ್ ಹಾಕಿ ನಿಧಾನ ಮಾಡಹೋದರೆ ಅಗ್ಗದ ಮೋಟರ್ ಗುಂಯ್‌ಗುಟ್ಟಿ ಬಿಸಿಯಾಗಬಹುದು. ಬದಲಿಗೆ ಟೈಮರ್ ಇಟ್ಟು ಪ್ರತಿ 20 ನಿಮಿಷಕ್ಕೆ ಐದಾರು ನಿಮಿಷ ಓಡಿಸಿ. ಡಬ್ಬದ ಮೇಲೆ ಬರೆದ ಅಂಕಿ ಎದುರಿಗೆ ಏನೂ ಅಡ್ಡವಿಲ್ಲದಾಗಿನದು. ಸೊಳ್ಳೆ ಜಾಲರಿ, ಪೈಪು, ಒಂದೆರಡು ಬೆಂಡ್ ಸೇರಿದರೆ ಅದು ಎಷ್ಟೋ ಇಳಿಯುತ್ತದೆ. ಫ್ಯಾನನ್ನು ಗೋಡೆಯ ಮೇಲ್ಭಾಗದ ವೆಂಟಿಲೇಟರ್‌ನಲ್ಲಿ ಕೂರಿಸಿ. ಗಾಳಿ ಒಳಬರುವ ಕಿಂಡಿ ಎದುರು ಗೋಡೆಯಲ್ಲಿ ನೆಲದಿಂದ ಒಂದಡಿ ಮೇಲಿರಲಿ, ಫ್ಯಾನಿನ ಬಾಯಿಯ ಎರಡರಷ್ಟು ದೊಡ್ಡದಿರಲಿ. ಕಿಂಡಿಗೆ 40 ಮೆಶ್ (ಇಂಚಿಗೆ 40 ಕಣ್ಣಿನ) ಬಲೆ ಹಾಕಿದರೆ ಬಿಳಿ ನೊಣ ತಡೆಯಬಹುದು, ಆದರೆ ಗಾಳಿಗೂ ಅದು ತಡೆ. ಗಾಳಿಮಳೆಯ ಎರಚಲು ಒಳಬಾರದಂತೆ ಹೊರಗಡೆ ಪಿವಿಸಿ ಬೆಂಡನ್ನು ಬಾಯಿ ಕೆಳಗಾಗಿ ಕೂರಿಸಬೇಕು. ಹೆಂಚಿನ ಮನೆಯಾದರೆ ಇಷ್ಟೆಲ್ಲ ಲೆಕ್ಕ ನಡೆಯುವುದಿಲ್ಲ, ಹೆಂಚಿನ ಸಂದಿಯಲ್ಲಿ ಗಾಳಿ ಬೇಕಾದಂತೆ ಓಡಾಡುತ್ತದೆ. ರ‍್ಯಾಕಿನ ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿ ಚಿಕ್ಕ ಕೋಣೆ ಮಾಡಿಕೊಳ್ಳಬೇಕಾಗುತ್ತದೆ.

ಗಾಳಿ ನಿಜವಾಗಿ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ನೋಡಲು ಊದುಬತ್ತಿ ಸಾಕು. ಫ್ಯಾನ್ ಹಾಕಿ, ಕಿಂಡಿಯ ಮುಂದೆ ಹಿಡಿಯಿರಿ. ಹೊಗೆ ಒಳಕ್ಕೆ ಬಾಗಿ, ರ‍್ಯಾಕ್ ದಾಟಿ, ಮೇಲಕ್ಕೆ ಎಳೆದುಕೊಳ್ಳಬೇಕು. ಫ್ಯಾನಿನ ಪಕ್ಕದ ಬಾಗಿಲ ಸಂದಿಯಿಂದಲೇ ಹೊಗೆ ಸೀದಾ ಹೊರಹೋದರೆ ಮೊದಲು ಆ ಸಂದಿಯನ್ನು ಮುಚ್ಚಿ.

ಗಾಳಿ ಬದಲಿಸುವುದು ಒಂದು ಕೆಲಸ, ಎಲೆಗಳ ನಡುವೆ ಗಾಳಿ ಆಡಿಸುವುದು ಬೇರೆಯೇ ಕೆಲಸ. ಎರಡನ್ನೂ ಒಂದೇ ಫ್ಯಾನಿಗೆ ಹೊರಿಸುವವರೇ ಹೆಚ್ಚು. ನಿಂತ ಗಾಳಿಯಲ್ಲಿ ಪ್ರತಿ ಎಲೆಗೂ ತೆಳ್ಳನೆಯ ತೇವದ ಪದರ ಅಂಟಿಕೊಂಡಿರುತ್ತದೆ. ಆರ್ದ್ರತೆ ಅಳೆಯುವ ಹೈಗ್ರೋಮೀಟರ್ ಶೇ 75 ತೋರಿಸುತ್ತಿದ್ದರೂ ದಟ್ಟವಾದ ಸೊಪ್ಪಿನ ಒಳಗೆ ಶೇ 95 ಇರಬಹುದು; ಬೂದು ಬೂಷ್ಟು ಶುರುವಾಗುವುದು ಅಲ್ಲೇ. ಲೆಟ್ಯೂಸ್‌ನಲ್ಲಿ ಒಳಗಿನ ಎಳೆ ಎಲೆಯ ಅಂಚು ಕಂದಾಗಿ ಸುಟ್ಟಂತಾಗುತ್ತದೆ. ಗೊಬ್ಬರ ಕಡಿಮೆಯಾಯಿತೆಂದು ಸುಣ್ಣ ಹಾಕುವವರಿದ್ದಾರೆ. ಬೇರಿನ ಬಳಿ ಕ್ಯಾಲ್ಸಿಯಂ ಬೇಕಾದಷ್ಟಿದ್ದರೂ ಹೀಗಾಗುತ್ತದೆ, ಏಕೆಂದರೆ ಕ್ಯಾಲ್ಸಿಯಂ ನೀರಿನ ಜೊತೆ ಮೇಲೇರುತ್ತದೆ. ಎಲೆ ನೀರು ಬಿಡದಿದ್ದರೆ ಅದೂ ಬರುವುದಿಲ್ಲ. ಗಿಡದ ನೆತ್ತಿಯ ಮೇಲೆ ನೇರವಾಗಿ ಸಣ್ಣಗೆ ಗಾಳಿ ಬಿಟ್ಟರೆ ಹೊಸ ಎಲೆ ಚೆನ್ನಾಗಿ ಬರುತ್ತದೆ. ರ‍್ಯಾಕಿನ ಪ್ರತಿ ಅಂತಸ್ತಿಗೂ 12 ವೋಲ್ಟ್‌ನ, 120 ಮಿಲಿಮೀಟರ್ ಕಂಪ್ಯೂಟರ್ ಫ್ಯಾನ್ ಒಂದು ಸಾಕು, ಹಗಲೂ ರಾತ್ರಿ ಓಡಲಿ. ಎಲೆ ಸಣ್ಣಗೆ ನಡುಗಬೇಕು, ಬಾಗಬಾರದು.

ಅಪಾಯದ ಹೊತ್ತು ದೀಪ ಆರಿದ ಮೇಲಿನದು. 25 ಡಿಗ್ರಿ, ಶೇ 80ರ ಗಾಳಿ 21 ಡಿಗ್ರಿಗೆ ತಣಿದರೆ ಇಬ್ಬನಿ ಕಟ್ಟುತ್ತದೆ. ಕಿಟಕಿ ಗಾಜು, ತಾರಸಿಯ ಒಳಮೈ, ಕೊನೆಗೆ ಎಲೆಗಳೂ ಒದ್ದೆ. ಹೀಗೆ ಗಂಟೆಗಟ್ಟಲೆ ಒದ್ದೆಯಾದ ಎಲೆಯ ಮೇಲೆ ಬೂಷ್ಟಿನ ಬೀಜಕಣ ಮೊಳೆಯುತ್ತದೆ. ದೀಪ ಆರಿದ ನಂತರ ಒಂದು ಗಂಟೆ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಬೇಡಿ. ಒಳಗಿನ ಹೆಚ್ಚಿನ ಆವಿ ತಣಿಯುವ ಮುನ್ನ ಹೊರಹೋಗಲಿ. ನೀರು ಹಾಕುವುದು ಬೆಳಕಿನ ಅವಧಿಯ ಶುರುವಿನಲ್ಲೇ. ಇದಕ್ಕಿಂತ ಒಳ್ಳೆಯ ಉಪಾಯ ದೀಪವನ್ನು ರಾತ್ರಿ ಉರಿಸುವುದು: ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ. ಹೊರಗೆ ತೀರಾ ತಣ್ಣಗಿರುವ ಹೊತ್ತಿನಲ್ಲೇ ಒಳಗೆ ಬಿಸಿ ಸಿಗುತ್ತದೆ.

ಬಟ್ಟೆ ಒಣಗಿಸುವ ಕೆಂಡದ ಅಗ್ಗಿಷ್ಟಿಕೆಯನ್ನು ಮಾತ್ರ ಈ ಕೋಣೆಗೆ ತರಬೇಡಿ. ಮುಚ್ಚಿದ ಕೋಣೆಯಲ್ಲಿ ಅದರ ಕಾರ್ಬನ್ ಮಾನಾಕ್ಸೈಡ್ ಮನುಷ್ಯರ ಜೀವ ತೆಗೆಯುತ್ತದೆ; ಹೊಗೆಯಲ್ಲಿರುವ ಎಥಿಲೀನ್ ಅನಿಲಕ್ಕೆ ಎಲೆ ಹಳದಿಯಾಗಿ ಮೊಗ್ಗು ಉದುರುತ್ತದೆ. ಬಿಸಿ ಸಾಲದಿದ್ದರೆ ಗಾಳಿಯ ತೇವ ತೆಗೆಯುವ ಯಂತ್ರ, ಡಿಹ್ಯೂಮಿಡಿಫೈಯರ್ ಇಡಬಹುದು. ಅದು ಇಂಗಿಸುವ ಪ್ರತಿ ಲೀಟರ್ ನೀರಿಗೂ ಅದೇ 0.68 ಯೂನಿಟ್ ಶಾಖ ಕೋಣೆಗೆ ವಾಪಸ್ ಬರುತ್ತದೆ. ಆದರೆ ಅದು ಓಡುವಾಗ ಎಕ್ಸಾಸ್ಟ್ ಫ್ಯಾನನ್ನೂ ಹಾಕಿದರೆ ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ.

ಹೈಗ್ರೋಮೀಟರ್ ಸುಳ್ಳು ಹೇಳಿದರೆ ಈ ಲೆಕ್ಕವೆಲ್ಲ ವ್ಯರ್ಥ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತನ್ನಿ, ಮೀಟರ್ ಜೊತೆ ಗಾಳಿಯಾಡದ ಡಬ್ಬದಲ್ಲಿ ಹತ್ತು ಹನ್ನೆರಡು ಗಂಟೆ ಮುಚ್ಚಿಡಿ. ಶೇ 75 ತೋರಿಸಬೇಕು. 80 ತೋರಿಸಿದರೆ ಅದರ ಲೆಕ್ಕದಲ್ಲಿ ಯಾವಾಗಲೂ ಐದು ಕಳೆಯಿರಿ.

ಮರ ಬಿದ್ದು ಕರೆಂಟ್ ಹೋದರೆ ಗಾಬರಿ ಬೇಡ. ದೀಪವಿಲ್ಲದಿದ್ದರೆ ಗಿಡ ಬಿಡುವ ಆವಿಯೂ ಕಡಿಮೆ. ನೀರು ಹಾಕುವುದನ್ನು ನಿಲ್ಲಿಸಿ, ಕಂಪ್ಯೂಟರ್ ಫ್ಯಾನ್‌ಗಳನ್ನು ಬ್ಯಾಟರಿಗೆ ಸಿಕ್ಕಿಸಿ. 0.2 ಆಂಪಿಯರ್ ಎಳೆಯುವ ಒಂದು ಫ್ಯಾನ್ 7 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧ ಇಳಿಸಲು ಹದಿನೇಳು ಗಂಟೆ ಬೇಕು.

ಕುಶಾಲನಗರದ ಕಡೆ ಮಳೆ ಎಷ್ಟೋ ಕಡಿಮೆ, ಅಲ್ಲಿ ಹಗಲು ಫ್ಯಾನನ್ನು ಧಾರಾಳವಾಗಿ ಓಡಿಸಬಹುದು. ಮಡಿಕೇರಿಯಲ್ಲೂ ಜನವರಿ ಬಂದರೆ ಲೆಕ್ಕ ತಲೆಕೆಳಗು: ಹೊರಗಿನ ಮಧ್ಯಾಹ್ನದ ಗಾಳಿ 25 ಡಿಗ್ರಿ, ಶೇ 50 ಇದ್ದರೆ, ಒಳಗನ್ನು ಶೇ 70ರಲ್ಲಿ ಇಡಲು ಪ್ರತಿ ಘನ ಮೀಟರ್ ಗಾಳಿ ನಾಲ್ಕೂವರೆ ಗ್ರಾಂ ಆವಿ ಹೊತ್ತು ಹೋಗುತ್ತದೆ, ಮಳೆಗಾಲದ ಎರಡರಷ್ಟು. ಆಗ ಟೈಮರ್ ಅನ್ನು ಹಗಲಿಗೆ ತಿರುಗಿಸಿ, ರಾತ್ರಿಯ ಚಳಿಗಾಳಿ ಎಳೆ ಸಸಿಗೆ ನೇರವಾಗಿ ಬಡಿಯದಂತೆ ಕೆಳಗಿನ ಕಿಂಡಿಯನ್ನು ಮುಕ್ಕಾಲು ಮುಚ್ಚಿ.