ಮಾನಿಟರ್ ಮಾತಾಡದಿದ್ದರೆ ತಪ್ಪು ಯಾರದು?

ಕಳೆದ ತಿಂಗಳು ಒಂದು ಆಫೀಸಿನಿಂದ ಫೋನ್ ಬಂತು. "ಸಾರ್, ಹೊಸ ಮಾನಿಟರ್ ತಂದ್ವಿ. ಅಕ್ಷರ ಎಲ್ಲಾ ಉಬ್ಬಿಕೊಂಡು ಮಸುಕಾಗಿ ಕಾಣ್ತಿದೆ." ಹೋಗಿ ನೋಡಿದೆ. ಪರದೆ 1920×1080 ಚುಕ್ಕೆಗಳದ್ದು. ಕಂಪ್ಯೂಟರ್ ಮಾತ್ರ 1024×768 ದಾಟಲು ಒಪ್ಪುತ್ತಿಲ್ಲ. ಡ್ರೈವರ್ ಸಾಫ್ಟ್‌ವೇರ್ ಎರಡು ಸಲ ಹಾಕಿ ನೋಡಿದ್ದರಂತೆ. ನಾನು ಮೊದಲು ಕೈ ಹಾಕಿದ್ದು ಕೇಬಲ್ಲಿಗೆ.

ನೀಲಿ ತುದಿಯ ವಿಜಿಎ ಕೇಬಲ್. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ತಂದದ್ದು. ಆಗ 640×480 ಚುಕ್ಕೆಗಳಲ್ಲಿ 16 ಬಣ್ಣ ಸಿಕ್ಕರೆ ಹೆಚ್ಚು. ಅದೇ ಕನೆಕ್ಟರ್ ಇವತ್ತು ಫುಲ್ ಎಚ್‌ಡಿ, ಅಂದರೆ 1920×1080 ಚಿತ್ರವನ್ನು ಅಷ್ಟೊಂದು ಬಣ್ಣಗಳ ಸಮೇತ ಹೊರುವುದು ಹೇಗೆ? ವಿಜಿಎಗೂ ಹಿಂದೆ ಇದ್ದ ಇಜಿಎ ಎಂಬ ಏರ್ಪಾಡು ಬಣ್ಣವನ್ನು ಡಿಜಿಟಲ್ ಆಗಿ ಕಳಿಸುತ್ತಿತ್ತು. ಕೆಂಪು, ಹಸಿರು, ನೀಲಿಗೆ ಎರಡೆರಡು ತಂತಿ, ಒಟ್ಟು ಆರು. ಅದರಿಂದ 64 ಬಣ್ಣ, ಅಷ್ಟೇ. ವಿಜಿಎ ಅನಲಾಗಿಗೆ ಹೊರಳಿತು. ಈಗ ಕೇಳಿದರೆ ಹಿಂದಕ್ಕೆ ಹೋದ ಹಾಗಿದೆ, ಅಲ್ವಾ? ಆದರೆ ಒಂದು ಬಣ್ಣಕ್ಕೆ ಒಂದೇ ತಂತಿ, ಅದರಲ್ಲಿ 0ರಿಂದ 0.7 ವೋಲ್ಟ್‌ವರೆಗೆ ಏರಿಳಿತ. ಆ ಏರಿಳಿತವನ್ನು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಎಷ್ಟು ಸಣ್ಣ ಮೆಟ್ಟಿಲಾಗಿ ಕತ್ತರಿಸಿದರೂ ತಂತಿ ಬದಲಿಸಬೇಕಿಲ್ಲ. ನನಗಂತೂ ಇದು ಜಾಣ ನಿರ್ಧಾರ.

ಇನ್ನು ನಮ್ಮ ರೋಗಿಯ ವಿಷಯ. 1994ರಲ್ಲಿ ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ ಒಂದು ಏರ್ಪಾಡು ಮಾಡಿತು. ಮಾನಿಟರಿನೊಳಗೆ ಪುಟ್ಟ ಮೆಮೊರಿ ಚಿಪ್, ಅದರಲ್ಲಿ 128 ಬೈಟ್ ಮಾಹಿತಿ. ತಯಾರಿಸಿದವರು ಯಾರು, ಪರದೆ ಎಷ್ಟು ದೊಡ್ಡದು, ಯಾವ ರೆಸಲ್ಯೂಷನ್ ಹಿಡಿಸುತ್ತದೆ, ಎಲ್ಲವೂ ಅಲ್ಲಿದೆ. ಹೆಸರು ಇಡಿಐಡಿ. ಕಂಪ್ಯೂಟರ್ ಇದನ್ನು ಓದುವುದು 12 ಮತ್ತು 15ನೇ ಪಿನ್ನುಗಳ ಮೂಲಕ. ಚಿತ್ರ ಹೋಗುವ ತಂತಿಗಳೇ ಬೇರೆ. ಹಾಗಾಗಿ ಈ ಎರಡರಲ್ಲಿ ಒಂದು ಕಡಿದರೂ ಚಿತ್ರ ಬರುತ್ತದೆ, ಪರಿಚಯ ಮಾತ್ರ ಆಗುವುದಿಲ್ಲ. ಎದುರಿಗಿರುವುದು ಏನೆಂದು ತಿಳಿಯದ ಕಂಪ್ಯೂಟರ್ ಯಾವುದಕ್ಕೂ ಇರಲಿ ಎಂದು ಕಡಿಮೆಯಲ್ಲೇ ನಿಲ್ಲುತ್ತದೆ.

ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಈ ತಂತಿಗಳನ್ನು ಎಳೆದೇ ಇರುವುದಿಲ್ಲ. ತಂತಿ ತುದಿಯಿಂದ ತುದಿಗೆ ಕೂಡಿದ್ದರೆ ಸದ್ದು ಮಾಡುವ ಹಾಗೆ ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ, ಎರಡು ತುದಿಯ 12ನೇ ಪಿನ್ನು ಮುಟ್ಟಿಸಿದೆ. ಸದ್ದಿಲ್ಲ. 15ಕ್ಕೂ ಸದ್ದಿಲ್ಲ. ಬ್ಯಾಗಿನಲ್ಲಿದ್ದ ಬೇರೆ ಕೇಬಲ್ ಹಾಕಿದೆ, ಪಟ್ಟಿಯಲ್ಲಿ 1920×1080 ತಾನಾಗಿ ಬಂತು.

ಅಂದಹಾಗೆ, 9ನೇ ಪಿನ್ ಇಲ್ಲದ ಕೇಬಲ್ ಸಿಕ್ಕರೆ ಮುರಿದಿದೆ ಎಂದು ಸುಮ್ನೆ ಎಸೆಯಬೇಡಿ. ಐಬಿಎಂ ಕಾಲದಲ್ಲಿ ಆ ಜಾಗ ಖಾಲಿಯೇ ಇತ್ತು. ಇಡಿಐಡಿ ಚಿಪ್ಪಿಗೆ 5 ವೋಲ್ಟ್ ಕೊಡಲು ಅದನ್ನು ಬಳಸಿದ್ದು ಆಮೇಲೆ. ಮಾನಿಟರ್ ಆನ್ ಇದ್ದರೆ ಚಿಪ್ಪಿಗೆ ಕರೆಂಟು ಒಳಗಿನಿಂದಲೇ ಸಿಗುತ್ತದೆ.