ಎಂಆರ್‌ಐ ಫಿಲ್ಮಿನಲ್ಲಿ ನಿಮ್ಮ ಮಗ ಕಾಣುವುದಿಲ್ಲ

"ಸ್ಕ್ಯಾನ್ ನಾರ್ಮಲ್ ಬಂದಿದೆ ಡಾಕ್ಟ್ರೇ. ಹಾಗಾದ್ರೆ ಇವನು ಮಾಡ್ತಿರೋದೆಲ್ಲ ಬೇಕಂತಲೇ ಅಲ್ವಾ?"

ಶಿವಮೊಗ್ಗದ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಕೇಳದ ವಾರವೇ ಇಲ್ಲ. ಹೊಸನಗರದಿಂದಲೋ ಸಾಗರದಿಂದಲೋ ಮೊದಲ ಬಸ್ಸಿಗೆ ಬಂದಿರುತ್ತಾರೆ. ಅಪ್ಪನ ಕೈಲಿ ದೊಡ್ಡ ಕವರ್. ಪಕ್ಕದಲ್ಲಿ ತಲೆ ಎತ್ತದ ಮಗ. ತಿಂಗಳುಗಳಿಂದ ತೋಟಕ್ಕೆ ಇಳಿದಿಲ್ಲ, ಸ್ನಾನಕ್ಕೂ ಹತ್ತು ಸಲ ಕರೆಯಬೇಕು, ರಾತ್ರಿ ನಿದ್ದೆಯಿಲ್ಲ. ಸಾಲ ಮಾಡಿ ಸ್ಕ್ಯಾನ್ ಮಾಡಿಸಿದ್ದಾರೆ. ಮಿದುಳು ಸರಿ ಇದೆ ಎಂದು ವರದಿ ಬಂದ ದಿನದಿಂದ ಮನೆಯಲ್ಲಿ ಬೈಗುಳ ಜಾಸ್ತಿಯಾಗಿದೆ.

ಈ ಲೆಕ್ಕಾಚಾರ ಕೇಳಿ ಕೇಳಿ ನನಗೆ ಸಾಕಾಗಿದೆ. ಮಿದುಳಿನಲ್ಲಿ ಏನಾದರೂ ಸಿಕ್ಕಿದರೆ ಕಾಯಿಲೆ, ಸಿಗದಿದ್ದರೆ ಅವನ ಬುದ್ಧಿಯೇ ಹಾಗೆ. ಮಿದುಳು ಒಂದು ಕಡೆ ಇದೆ, ಅದರ ಆಚೆ 'ಅವನು' ಎಂಬ ಇನ್ನೊಬ್ಬ ಕೂತು ಸೋಮಾರಿತನ ಮಾಡುತ್ತಿದ್ದಾನೆ ಎಂದು ನಂಬಿಬಿಟ್ಟಿದ್ದಾರೆ.

ಎಂಆರ್‌ಐ ತೋರಿಸುವುದು ಮಿದುಳಿನ ರಚನೆಯನ್ನು. ಗಡ್ಡೆ, ರಕ್ತಸ್ರಾವ, ಲಕ್ವದ ಗುರುತು, ಕುಗ್ಗಿದ ಭಾಗ ಕಾಣುತ್ತವೆ. ಖಿನ್ನತೆಯನ್ನು ಅದರಲ್ಲಿ ಪತ್ತೆ ಮಾಡಲು ಆಗುವುದಿಲ್ಲ. ಸಂಶೋಧಕರು ತುಂಬಾ ಜನರ ಸ್ಕ್ಯಾನ್ ಸೇರಿಸಿ ಸರಾಸರಿ ತೆಗೆದಾಗ ಸಣ್ಣ ವ್ಯತ್ಯಾಸ ಸಿಗುತ್ತದೆ, ನಿಜ. ಆದರೆ ಎದುರಿಗೆ ಕೂತ ಒಬ್ಬನ ಫಿಲ್ಮ್ ಹಿಡಿದು ಇವನಿಗೆ ಖಿನ್ನತೆ ಇದೆ ಅಥವಾ ಇಲ್ಲ ಎಂದು ಹೇಳುವ ಸ್ಕ್ಯಾನ್ ಇವತ್ತಿಗೂ ಬಂದಿಲ್ಲ. ಶಿವಮೊಗ್ಗದಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿದರೆ ತೋಟ ಯಾರ ಪಾಲಿಗೆ ಬರುತ್ತದೆ ಎಂದು ಗೊತ್ತಾಗುತ್ತದಾ? ಪರೀಕ್ಷೆ ಸರಿಯಾಗಿಯೇ ಇರುತ್ತದೆ, ನಾವು ಕೇಳಿದ ಪ್ರಶ್ನೆ ಬೇರೆ.

ಸ್ಕ್ಯಾನ್ ಬೇಡವೇ ಬೇಡ ಎಂದು ದಯವಿಟ್ಟು ಅರ್ಥ ಮಾಡಿಕೊಳ್ಳಬೇಡಿ. ಮೊದಲ ಸಲ ಫಿಟ್ಸ್ ಬಂದರೆ, ತಲೆಗೆ ಜೋರಾಗಿ ಪೆಟ್ಟಾದರೆ, ಐವತ್ತು ದಾಟಿದವರ ಸ್ವಭಾವ ಕೆಲವೇ ತಿಂಗಳಲ್ಲಿ ಬದಲಾದರೆ ನಾನೇ ಬರೆದುಕೊಡುತ್ತೇನೆ. ಮಿದುಳಿಗೆ ಪೆಟ್ಟಾದರೆ ಮನುಷ್ಯನೇ ಬದಲಾಗಬಹುದು. ಫಿನಿಯಸ್ ಗೇಜ್ ಎಂಬವನ ಕಥೆಯನ್ನು ನಾವು ವೈದ್ಯರೆಲ್ಲ ಓದಿಯೇ ಬಂದಿದ್ದೇವೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗಾಗಿ ಬಂಡೆ ಸಿಡಿಸುವಾಗ ಕಬ್ಬಿಣದ ಸಲಾಕೆ ಅವನ ಕೆನ್ನೆಯಲ್ಲಿ ಹೊಕ್ಕು ನೆತ್ತಿಯಲ್ಲಿ ಹೊರಬಂತು. ಬದುಕಿಕೊಂಡ. ಆದರೆ ಅಚ್ಚುಕಟ್ಟಿನ ಮೇಸ್ತ್ರಿ ಬಾಯಿಗೆ ಬಂದಂತೆ ಮಾತಾಡುವವನಾದ. ಇವನು ನಮ್ಮ ಗೇಜ್ ಅಲ್ಲ ಎಂದರು ಗೆಳೆಯರು.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದು ನನಗೆ ಮುಖ್ಯ. ಅವನು ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ಹೊತ್ತಿಗೆ ಸರಿಯಾಗಿ ಏಳಬೇಕು, ಕುದುರೆ ಹೂಡಬೇಕು, ಪ್ರಯಾಣಿಕರ ಜೊತೆ ನಾಲ್ಕು ಮಾತಾಡಬೇಕು. ಆ ದಿನಚರಿಯೇ ಅವನನ್ನು ಮತ್ತೆ ಜನರ ನಡುವೆ ಬಾಳುವಂತೆ ಮಾಡಿರಬೇಕು ಎನ್ನುವ ಸಂಶೋಧಕರಿದ್ದಾರೆ. ಮಿದುಳಿನ ಗಾಯ ಮಾತ್ರ ಹಾಗೇ ಇತ್ತು.

ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ಹೇಳಿದ್ದ, ಒಬ್ಬ ಮನುಷ್ಯನನ್ನು ಎಷ್ಟು ಜನ ಬಲ್ಲರೋ ಅವನಿಗೆ ಅಷ್ಟು ಸಾಮಾಜಿಕ 'ನಾನು'ಗಳಿವೆ ಎಂದು. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಬೇರೆಯವರು ನಮ್ಮ ಬಗ್ಗೆ ಏನು ಅಂದುಕೊಂಡಿದ್ದಾರೆ ಎಂದು ನಾವು ಊಹಿಸುತ್ತೇವೋ, ಅದರಿಂದಲೇ ನಮ್ಮ 'ನಾನು' ಬೆಳೆಯುತ್ತದೆ ಎಂದ. ಒಬ್ಬ ಹುಡುಗ ನನಗೆ ಇದನ್ನು ಪುಸ್ತಕ ಓದದೆಯೇ ವಿವರಿಸಿದ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಬೆಂಗಳೂರಿನಲ್ಲಿ ಕೆಲಸ ಹೋಗಿ ಊರಿಗೆ ಬಂದಿದ್ದ. ಮದುವೆಮನೆಗೆ ಹೋದರೆ ಕೈ ತೊಳೆಯುವ ಜಾಗದಲ್ಲಿ ಒಬ್ಬರು, ಪಂಕ್ತಿಯಲ್ಲಿ ಒಬ್ಬರು, "ಈಗ ಏನ್ ಮಾಡ್ಕೊಂಡಿದೀಯ?" ಎಂದು ಕೇಳುವುದು. ಮೊದಮೊದಲು ಸುಮ್ನೆ ನಕ್ಕ. ಆಮೇಲೆ ಊಟ ಬಿಟ್ಟು ಎದ್ದು ಬಂದ. ಆಮೇಲೆ ಮದುವೆಗಳಿಗೆ ಹೋಗುವುದನ್ನೇ ನಿಲ್ಲಿಸಿದ. ಇದು ಯಾವ ಫಿಲ್ಮಿನಲ್ಲಿ ಬರಬೇಕು ಹೇಳಿ. ಹಾಗಂತ ಊರವರ ಬಾಯಿಯೇ ಎಲ್ಲಕ್ಕೂ ಕಾರಣ, ಮಾತ್ರೆ ಯಾಕೆ ಎನ್ನಲೂ ಬಾರದು. ಅವನಿಗೆ ಮಾತ್ರೆ ಬೇಕಿತ್ತು, ಕೊಟ್ಟೆ, ನಿದ್ದೆ ಬಂತು.

ಇನ್ನೊಂದು ಪ್ರಸಂಗ ತೀರ್ಥಹಳ್ಳಿ ಕಡೆಯದು. ಮೊಮ್ಮಗ ಇಂಜಿನಿಯರ್, ಅಜ್ಜಿಯನ್ನು ಕರೆತಂದಿದ್ದ. ವರ್ಷಕ್ಕೊಮ್ಮೆ ಚೌಡಿ ಪೂಜೆಯ ದಿನ ಅಜ್ಜಿಗೆ ಮೈಮೇಲೆ ಬರುತ್ತದಂತೆ. ಇದು ಸ್ಕಿಜೋಫ್ರೇನಿಯಾ ಇರಬಹುದಾ ಎಂದು ಅವನ ಭಯ. ಅಜ್ಜಿ ನನ್ನ ಮುಖ ನೋಡಿ, "ನಿಮ್ಮ ಊಟ ಆಯ್ತಾ, ಬಾಡಿದ ಹಾಗಿದೀರಿ" ಎಂದರು. ಕೊಟ್ಟ ಅಡಿಕೆಯ ತೂಕ, ಬರಬೇಕಾದ ಬಾಕಿ, ಎಲ್ಲ ಬಾಯಲ್ಲೇ ಇತ್ತು. ಮಾನವಶಾಸ್ತ್ರಜ್ಞರು ಇಂಥದ್ದನ್ನು ಬಹಳ ಹಿಂದೆಯೇ ಗಮನಿಸಿದ್ದಾರೆ. 'ನಾನು' ಎಂದರೆ ಬೇಲಿ ಹಾಕಿದ ಒಬ್ಬನೇ ಒಬ್ಬ ಎಂದು ಎಲ್ಲ ಸಮಾಜಗಳೂ ಭಾವಿಸುವುದಿಲ್ಲ. ವೈದ್ಯರ ಪುಸ್ತಕವೂ ಈಗ ಅದನ್ನು ಒಪ್ಪುತ್ತದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರ ಪ್ರಕಾರ, ಮೈಮೇಲೆ ಬರುವುದು ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿದ್ದರೆ ಅದು ಕಾಯಿಲೆಯಲ್ಲ. ಬೇಡವೆಂದರೂ ಬಂದು, ಆಚರಣೆಯ ಹೊರಗೂ ಬಂದು, ಬದುಕಿಗೆ ತೊಂದರೆ ಕೊಟ್ಟರೆ ಚಿಕಿತ್ಸೆ ಬೇಕು.

ಹೊರಡುವಾಗ ಮೊಮ್ಮಗ ಸುಮ್ಮನೆ ಒಂದು ಮಾತು ಹೇಳಿದ. ಮನೆಯಲ್ಲಿ ಅತ್ತಿಗೆಗೂ ಹೀಗೇ ಆಗುತ್ತದಂತೆ. ಪೂಜೆ ಪುನಸ್ಕಾರ ಏನೂ ಇಲ್ಲದ ದಿನ, ಅಡುಗೆಮನೆಯಲ್ಲಿ, ಎಚ್ಚರ ತಪ್ಪಿ, ಎದ್ದ ಮೇಲೆ ಗಂಟೆಗಟ್ಟಲೆ ಅಳುತ್ತಾರಂತೆ. ಅವರನ್ನು ಯಾರೂ ಎಲ್ಲಿಗೂ ಕರೆದೊಯ್ದಿರಲಿಲ್ಲ. ನಾಳೆಯೇ ಕರೆತನ್ನಿ ಎಂದೆ.

ತತ್ವಶಾಸ್ತ್ರದ ಹೆಸರಿನಲ್ಲೂ ಇಂಥ ಎಡವಟ್ಟು ಆಗುತ್ತದೆ. ನಮ್ಮದು 'ನಾನು' ಎಂದರೆ ಯಾರು ಎಂಬ ಪ್ರಶ್ನೆಯನ್ನು ಆಳವಾಗಿ ಕೇಳಿದ ನೆಲ. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲಿವೆ. ತುಂಗೆಯ ದಂಡೆಯ ಶೃಂಗೇರಿಯಲ್ಲಿ ಆತ್ಮ ಒಂದೇ ಎನ್ನುವ ಅದ್ವೈತ. ದೂರದ ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ 1739ರಲ್ಲಿ, ಒಳಗೆ ಎಷ್ಟು ಹುಡುಕಿದರೂ ಬಿಸಿ, ತಂಪು, ನೋವು, ಸುಖ ಸಿಗುತ್ತವೆಯೇ ಹೊರತು 'ನಾನು' ಸಿಗುವುದಿಲ್ಲ ಎಂದ. ನನಗೆ ಇವೆಲ್ಲ ಪ್ರೀತಿಯ ವಿಷಯ. ಆದರೆ ಪರೀಕ್ಷೆಗೆ ಓದುತ್ತಾ ವಾರಗಟ್ಟಲೆ ನಿದ್ದೆಗೆಟ್ಟ ಹುಡುಗಿ, ಕನ್ನಡಿಯಲ್ಲಿ ಕಾಣುವವಳು ನಾನಲ್ಲ ಅನಿಸುತ್ತದೆ ಎಂದು ನಡುಗುತ್ತಿರುವಾಗ, ಇದು ವೈರಾಗ್ಯದ ಲಕ್ಷಣ, ಪುಣ್ಯ ಮಾಡಿದ್ದೀಯ ಎಂದು ಸಂಬಂಧಿಕರು ಹೇಳಿದರೆ ಸಿಟ್ಟು ಬರುತ್ತದೆ. ವಿಪರೀತ ಆತಂಕದಲ್ಲಿ, ನಿದ್ದೆಗೆಟ್ಟಾಗ, ಕೆಲವರಿಗೆ ಗಾಂಜಾ ಸೇದಿದಾಗ ಹೀಗಾಗುವುದುಂಟು. ಎಲ್ಲರಿಗೂ ಒಂದೇ ಕಾರಣ ಎನ್ನಲಾರೆ, ನೋಡಿಯೇ ಹೇಳಬೇಕು. ಆ ಹುಡುಗಿಗೆ ಮೊದಲು ಬೇಕಿದ್ದದ್ದು ನಿದ್ದೆ.

ಆದ್ದರಿಂದ ಬರುವಾಗ ಸ್ಕ್ಯಾನ್ ಇದ್ದರೆ ತನ್ನಿ, ಇಲ್ಲದಿದ್ದರೆ ಅದಕ್ಕೆಂದು ಸಾಲ ಮಾಡಬೇಡಿ. ಥೈರಾಯ್ಡ್, ಬಿ12 ವರದಿ ಇದ್ದರೆ ಉಪಯೋಗವಾಗುತ್ತದೆ. ನಿಮ್ಮ ಮಗನನ್ನು ಚೆನ್ನಾಗಿ ಬಲ್ಲ ಗೆಳೆಯನೋ ಅಕ್ಕನೋ ಜೊತೆಗೆ ಬರಲಿ. ಅವನ ಜೊತೆ ನಾನೊಬ್ಬನೇ ಕೂತು ಮಾತಾಡುವಾಗ ಬಾಗಿಲ ಹೊರಗೆ ಕಾಯಿರಿ. ಸಾಯುವ ಮಾತೇನಾದರೂ ಆಡಿದ್ದರೆ ನನ್ನ ಸರದಿಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.