ಕೋಲ್ಡ್ ಬ್ರಿಡ್ಜ್ ಅಂದರೆ ತಾರಸಿ ಸೋರುವುದಲ್ಲ

ಮಳೆಗಾಲ ಶುರುವಾದರೆ ಸಾಕು, ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸೀಲಿಂಗ್ ಮೇಲಿನ ಹಳದಿ ಕಲೆಯ ಫೋಟೋ ಬರುತ್ತದೆ. ಕೆಳಗೆ ಯಾರೋ ಒಬ್ಬರು "ಇದು ಕೋಲ್ಡ್ ಬ್ರಿಡ್ಜ್ ಸಾರ್" ಅಂತ ಬರೆಯುತ್ತಾರೆ. ಅಲ್ಲ, ಅದು ನೀರು. ಮೇಲೆ ಎಲ್ಲೋ ಬಿರುಕು ಬಿಟ್ಟಿದೆ, ಇಳಿದಿದೆ, ಅಷ್ಟೇ. ಈಚೆಗಂತೂ ಒಂದು ಕೊಟೇಶನ್‌ನಲ್ಲಿ "ಕೋಲ್ಡ್ ಬ್ರಿಡ್ಜ್ ಟ್ರೀಟ್‌ಮೆಂಟ್" ಅಂತಲೇ ಬರೆದು ಚದರಡಿಗೆ ಇಷ್ಟು ಅಂತ ರೇಟ್ ಹಾಕಿದ್ದನ್ನು ನೋಡಿದೆ. ಕೆಲಸ ಏನು ಅಂತ ಓದಿದರೆ ಎರಡು ಕೋಟ್ ವಾಟರ್‌ಪ್ರೂಫಿಂಗ್. ನೀರು ತಡೆಯುವುದು ಬೇರೆ, ಶಾಖ ತಡೆಯುವುದು ಬೇರೆ. ಒಂದರ ಹೆಸರಲ್ಲಿ ಇನ್ನೊಂದಕ್ಕೆ ದುಡ್ಡು ಕೊಡಬೇಡಿ.

ತಾರಸಿ ಮೇಲೆ ಶಾಖ ತಡೆಯುವ ಇನ್ಸುಲೇಷನ್ ಪದರ ಇದೆ, ಆದರೆ ಒಂದು ಕಡೆ ಕಾಂಕ್ರೀಟೋ ಕಬ್ಬಿಣವೋ ಅದನ್ನು ಸೀಳಿಕೊಂಡು ಹೋಗಿದೆ, ಶಾಖ ಆ ದಾರಿಯಲ್ಲಿ ಸಲೀಸಾಗಿ ದಾಟುತ್ತದೆ. ಆ ಜಾಗಕ್ಕೆ ಕೋಲ್ಡ್ ಬ್ರಿಡ್ಜ್ ಅನ್ನುತ್ತಾರೆ, ಥರ್ಮಲ್ ಬ್ರಿಡ್ಜ್ ಅಂದರೂ ಅದೇ. ಇಲ್ಲಿ ಮುಖ್ಯವಾದದ್ದು ಪದರ ಇರಬೇಕು ಅನ್ನುವುದು. ನಮ್ಮಲ್ಲಿ ಹೆಚ್ಚಿನ ಮನೆಗಳ ಹಾಗೆ ಬರೀ ಆರ್‌ಸಿಸಿ ಮೌಲ್ಡ್, ಮೇಲೆ ಸುರ್ಕಿ, ಅದರ ಮೇಲೆ ಟೈಲ್ಸ್ ಇದ್ದರೆ ಇಡೀ ತಾರಸಿಯೇ ಶಾಖದ ದಾರಿ. ಅಲ್ಲಿ ಬ್ರಿಡ್ಜ್ ಹುಡುಕೋದು ಸುಮ್ನೆ ಟೈಮ್ ವೇಸ್ಟ್.

ಎಲ್ಲ ಗೊಂದಲಕ್ಕೂ ಮೂಲ ಆ "ಕೋಲ್ಡ್" ಅನ್ನುವ ಪದ. ಚಳಿ ಅನ್ನುವ ವಸ್ತು ಯಾವುದೂ ಹರಿಯುವುದಿಲ್ಲ. ಹರಿಯುವುದು ಶಾಖ ಮಾತ್ರ, ಅದೂ ಬಿಸಿ ಇರುವ ಕಡೆಯಿಂದ ತಣ್ಣಗಿರುವ ಕಡೆಗೆ. ಯುರೋಪಿನ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಶಾಖ ಹೊರಗೆ ಓಡುತ್ತದೆ. ಓಡುವ ಜಾಗದಲ್ಲಿ ಸೀಲಿಂಗ್ ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ, ಹಾಗಾಗಿ ಜನ ಅದನ್ನು ಚಳಿ ಒಳಗೆ ಬರುವ ಸೇತುವೆ ಅಂದುಕೊಂಡರು. ಜರ್ಮನಿಯಲ್ಲಿ ಈಗಲೂ ಎರಡೂ ಪದ ಇವೆ: ಮಾತಿನಲ್ಲಿ ಕೆಲ್ಟೆಬ್ರ್ಯುಕ, ಅಂದರೆ ಚಳಿಯ ಸೇತುವೆ. ಎಂಜಿನಿಯರುಗಳ ಸ್ಟ್ಯಾಂಡರ್ಡ್‌ಗಳಲ್ಲಿ ವೆರ್ಮೆಬ್ರ್ಯುಕ, ಅಂದರೆ ಶಾಖದ ಸೇತುವೆ. ಎರಡನೆಯದೇ ಸರಿ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ನಮ್ಮ ಊರಿಗಂತೂ ಅದೊಂದೇ ಹೊಂದುವುದು, ಯಾಕೆಂದರೆ ಇಲ್ಲಿ ಶಾಖ ಮೇಲಿಂದ ಕೆಳಗೆ, ಮನೆಯೊಳಕ್ಕೆ ಬರುತ್ತದೆ. ನಮ್ಮಲ್ಲಿ ಬ್ರಿಡ್ಜ್ ಇರುವ ಜಾಗ ತಣ್ಣಗಿರುವುದಿಲ್ಲ, ಸಂಜೆ ಹೊತ್ತಿಗೆ ಅಕ್ಕಪಕ್ಕಕ್ಕಿಂತ ಬಿಸಿಯಾಗಿರುತ್ತದೆ.

ಕಲೆಯ ವಿಷಯವೂ ಅಲ್ಲಿಂದಲೇ ಬಂದದ್ದು. ಒಳಗೆ 20 ಡಿಗ್ರಿ, ಗಾಳಿಯ ತೇವಾಂಶ ಶೇಕಡಾ 50 ಇದ್ದರೆ, 9 ಡಿಗ್ರಿ ಸುಮಾರಿಗೆ ತಣ್ಣಗಾದ ಜಾಗದ ಮೇಲೆ ಇಬ್ಬನಿ ಕೂರುತ್ತದೆ, ಆಮೇಲೆ ಬೂಷ್ಟು. ಚಳಿದೇಶಗಳಲ್ಲಿ ಇದು ದಿನನಿತ್ಯದ ಗೋಳು. ಬೆಂಗಳೂರಿನ ಸಾಮಾನ್ಯ ಮನೆಯ ಸೀಲಿಂಗ್ ಅಷ್ಟು ತಣ್ಣಗಾಗುವುದಿಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿ, ಹಗಲೂ ರಾತ್ರಿ ಏಸಿ ಓಡುವ ಸರ್ವರ್ ರೂಮಿನಲ್ಲಿ ಆಗಬಹುದು. ಮಳೆ ಬಂದ ಮಾರನೇ ದಿನ ಮೂಡುವ ಕಲೆ ಮಾತ್ರ ಸೋರಿಕೆಯೇ.

ಈಗ ಇನ್ನೊಂದು ಬೆರಕೆ. ಬ್ರಿಡ್ಜ್ ಬೇರೆ, ಇನ್ಸುಲೇಷನ್ ಬಿಟ್ಟುಹೋದ ಜಾಗ ಬೇರೆ. ಎರಡರಿಂದಲೂ ಶಾಖ ಬರುತ್ತದೆ ನಿಜ, ಆದರೆ ಮೊದಲನೆಯದು ಡ್ರಾಯಿಂಗ್‌ನಲ್ಲೇ ಹುಟ್ಟುತ್ತದೆ, ಎರಡನೆಯದು ಸೈಟಿನಲ್ಲಿ. ಪ್ಯಾರಪೆಟ್ ಗೋಡೆ ಸ್ಲ್ಯಾಬ್‌ನಿಂದಲೇ ನೇರ ಎದ್ದಿದೆ, ಸಜ್ಜಾ ಅದೇ ಸ್ಲ್ಯಾಬ್‌ನ ಮುಂದುವರಿಕೆ, ಸೋಲಾರ್ ಸ್ಟ್ಯಾಂಡಿನ ಕಾಂಕ್ರೀಟ್ ಪೀಠ ಇನ್ಸುಲೇಷನ್ ಕತ್ತರಿಸಿ ಕೂತಿದೆ ಅಂದರೆ ಇವೆಲ್ಲ ಬ್ರಿಡ್ಜ್. ಇನ್ಸುಲೇಷನ್ ಬೋರ್ಡ್ ಸಾಲದೆ ಮೂಲೆಯಲ್ಲಿ ಬಿಟ್ಟದ್ದು, ಪೈಪಿನ ಸುತ್ತ ದೊಡ್ಡದಾಗಿ ಕತ್ತರಿಸಿ ಸಿಮೆಂಟ್ ತುಂಬಿದ್ದು, ಮಳೆನೀರು ಹೋಗುವ ತೂತಿನ ಬಳಿ ಸ್ಲೋಪ್ ಸಿಗಲಿಲ್ಲ ಅಂತ ಎರಡಡಿ ಪೂರ್ತಿ ತೆಗೆದದ್ದು ಕೆಲಸದ ತಪ್ಪು. ಮೊದಲನೆಯದಕ್ಕೆ ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ.

ಬೆಂಗಳೂರಿನಲ್ಲಿ ಎಲ್ಲೆಲ್ಲೂ ಕಾಣುವ ಬ್ರಿಡ್ಜ್ ಒಂದಿದೆ: ಮುಂದೆ ಇನ್ನೊಂದು ಮಹಡಿ ಕಟ್ಟೋಣ ಅಂತ ಬಿಟ್ಟ ಕಾಲಂ ಕಂಬಿಗಳು. ಯಾವುದೇ ಬಡಾವಣೆಯಲ್ಲಿ ತಾರಸಿ ಹತ್ತಿ ನೋಡಿ. ಅಡಿ ಎತ್ತರದ ಕಾಂಕ್ರೀಟ್ ಗುಜ್ಜು, ಅದರ ಮೇಲೆ ತುಕ್ಕು ಹಿಡಿದ ಕಂಬಿಗಳು, ತುದಿಗೆ ಬಟ್ಟೆ ಒಣಗಿಸುವ ಹಗ್ಗ. ಕಬ್ಬಿಣ ಕಾಂಕ್ರೀಟಿಗಿಂತ ಸುಮಾರು ಮೂವತ್ತು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ದಿನವಿಡೀ ಬಿಸಿಲಲ್ಲಿ ಕಾದ ಆ ಕಂಬಿಗಳು ಶಾಖವನ್ನು ನೇರ ಕಾಲಂ ತಲೆಗೆ ಇಳಿಸುತ್ತವೆ. ಸುತ್ತ ಎಷ್ಟು ದಪ್ಪ ಇನ್ಸುಲೇಷನ್ ಹಾಸಿದ್ದರೂ ಈ ದಾರಿ ತೆರೆದೇ ಇರುತ್ತದೆ. ಕಂಬಿ ಕತ್ತರಿಸಿ ಅಂತ ಹೇಳುತ್ತಿಲ್ಲ. ಗುಜ್ಜಿನ ನಾಲ್ಕೂ ಬದಿಗೆ ಬೋರ್ಡ್ ಕಟ್ಟಿ, ಕಂಬಿಗಳನ್ನೂ ಮುಚ್ಚಿ, ಮೇಲೆ ನೀರು ಇಳಿಯದ ಹಾಗೆ ಡಬ್ಬಿ ಥರ ಮಾಡಿದರೆ ಸಾಕು, ಕಂಬಿಗೆ ತುಕ್ಕೂ ಕಡಿಮೆ.

"ಅಷ್ಟು ಚಿಕ್ಕ ಜಾಗ, ಬಿಡಿ" ಅನ್ನುವವರಿಗೆ ಒಂದು ಲೆಕ್ಕ. 6 ಇಂಚಿನ ಬರೀ ಸ್ಲ್ಯಾಬ್‌ನಲ್ಲಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿಗೆ ಸುಮಾರು 3.3 ವ್ಯಾಟ್ ಶಾಖ ದಾಟುತ್ತದೆ. ಇದಕ್ಕೇ ಯು ವ್ಯಾಲ್ಯೂ ಅನ್ನುವುದು. 4 ಇಂಚು ಇಟ್ಟಿಗೆ ಚೂರಿನ ಸುರ್ಕಿ ಹಾಕಿದರೂ ಅದು 2.3ರ ಹತ್ತಿರವೇ ನಿಲ್ಲುತ್ತದೆ, ಮನೆಗಳಿಗೆ ಕೇಂದ್ರ ಸರ್ಕಾರದ ಇಂಧನ ಉಳಿತಾಯ ಸಂಹಿತೆಯಾದ 2018ರ ಇಕೋ ನಿವಾಸ್ ಸಂಹಿತೆಯ ಮಿತಿ 1.2. ಅದೇ ಸ್ಲ್ಯಾಬ್ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ ಬೋರ್ಡ್ (ಗಟ್ಟಿ ಫೋಮಿನ ಹಲಗೆ) ಹಾಸಿದರೆ 0.5ಕ್ಕೆ ಇಳಿಯುತ್ತದೆ. ಈಗ 25 ಅಡಿ ಉದ್ದ, 36 ಅಡಿ ಅಗಲದ ತಾರಸಿಯಲ್ಲಿ ಪ್ಯಾರಪೆಟ್ ಉದ್ದಕ್ಕೂ ಅರ್ಧ ಅಡಿ ಪಟ್ಟಿ ಬಿಟ್ಟರು ಅಂತಿಟ್ಟುಕೊಳ್ಳಿ. 900ರಲ್ಲಿ 60 ಚದರಡಿ, ಶೇಕಡಾ 7 ಕೂಡ ಇಲ್ಲ. ಸರಾಸರಿ ಮಾತ್ರ 0.5ರಿಂದ 0.69ಕ್ಕೆ ಏರುತ್ತದೆ, ಅಂದರೆ ಒಳಗೆ ಬರುವ ಶಾಖ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೆಚ್ಚಿತು. ಒರಟು ಲೆಕ್ಕ ಇದು, ಅಕ್ಕಪಕ್ಕಕ್ಕೆ ಹರಿಯುವ ಶಾಖ ಸೇರಿಸಿಲ್ಲ. ಬೆಲ್ಲದ ಡಬ್ಬಿಯ ಮುಚ್ಚಳ ಒಂದು ಕಡೆ ಸಡಿಲ ಇದ್ದರೆ ಇರುವೆಗೆ ಅಷ್ಟೇ ಸಾಕಲ್ವಾ?

ಬಿಳಿ ಪೇಂಟ್ ಬಗ್ಗೆ ಕೇಳುತ್ತೀರಿ, ಗೊತ್ತು. ಒಳ್ಳೆಯದೇ, ಬಿಸಿಲನ್ನು ವಾಪಸ್ ಕಳಿಸುತ್ತದೆ, ಬ್ರಿಡ್ಜ್ ಮೇಲೂ ಕೆಲಸ ಮಾಡುತ್ತದೆ. ಆದರೆ ಅದು ಇನ್ಸುಲೇಷನ್ ಅಲ್ಲ, ನಮ್ಮ ಧೂಳಿನಲ್ಲಿ ತೊಳೆಯುತ್ತಿರದಿದ್ದರೆ ಬಿಳಿಯಾಗಿಯೂ ಉಳಿಯುವುದಿಲ್ಲ.

ಹೊಸದಾಗಿ ಹಾಕಿಸುವವರು ಬೋರ್ಡನ್ನು ಪ್ಯಾರಪೆಟ್ ಬುಡದಲ್ಲಿ ನಿಲ್ಲಿಸಬೇಡಿ, ಗೋಡೆಯ ಒಳಮುಖಕ್ಕೂ ಹತ್ತಿಸಿ, ಸಾಧ್ಯವಾದರೆ ಗೋಡೆಯ ತಲೆಯವರೆಗೂ. ಒಂದೇ ದಪ್ಪ ಪದರಕ್ಕಿಂತ ಎರಡು ತೆಳು ಪದರ ಮೇಲು, ಮೇಲಿನದು ಕೆಳಗಿನದರ ಸಂದಿಯನ್ನು ಮುಚ್ಚುವ ಹಾಗೆ ಜೋಡಿಸಬೇಕು. ಟ್ಯಾಂಕಿಗೆ ಪೀಠ ಬೇಕು ಅಂತ ಬೋರ್ಡ್ ಕತ್ತರಿಸಬೇಕಿಲ್ಲ, ಭಾರ ಹೊರುವ ದರ್ಜೆಯ ಎಕ್ಸ್‌ಪಿಎಸ್ ತರಿಸಿ, ಅದರ ಮೇಲೆ ಅಗಲವಾದ ಕಾಂಕ್ರೀಟ್ ಬೆಡ್ ಹಾಕಿ ಟ್ಯಾಂಕ್ ಕೂರಿಸಬಹುದು. ನೀರಿನ ತೂತಿನ ಬಳಿ ದಪ್ಪ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ಬೋರ್ಡ್ ಒದ್ದೆಯಾಗದಂತೆ ನೋಡಿಕೊಳ್ಳಿ, ನೀರು ಎಕ್ಸ್‌ಪಿಎಸ್‌ಗಿಂತ ಇಪ್ಪತ್ತು ಪಟ್ಟು ಹೆಚ್ಚು ಶಾಖ ದಾಟಿಸುತ್ತದೆ. ಮೇಲೆ ಸ್ಕ್ರೀಡ್ ಬೀಳುವ ಮುಂಚೆ ನೀವೇ ಒಮ್ಮೆ ಹತ್ತಿ, ಮೂಲೆ, ಪೈಪು, ಕಾಲಂ ಗುಜ್ಜು ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಕಾಂಕ್ರೀಟ್ ಬಿದ್ದ ಮೇಲೆ ಏನು ಬಿಟ್ಟಿದ್ದಾರೆ ಅಂತ ತಿಳಿಯಬೇಕಾದರೆ, ಬಿಸಿಲಿನ ದಿನದ ಸಂಜೆ ಥರ್ಮಲ್ ಕ್ಯಾಮೆರಾ ತರಿಸಿ ಒಳಗಿನಿಂದ ಸೀಲಿಂಗ್ ನೋಡಿಸಬೇಕಾಗುತ್ತದೆ.